ಅಕ್ಷರದಲ್ಲೇ ಅಡಗಿದ ಕಾಲ

ಯಕ್ಷಗಾನ ಪ್ರಸಂಗದ ಪುಸ್ತಕ ತೆರೆದರೆ ಪದ್ಯದ ಮೇಲೆ ಕಾಣುವುದು ಎರಡೇ ಸೂಚನೆ: ರಾಗ ಮತ್ತು ತಾಳ. ಯಾವ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ಎಲ್ಲೂ ಬರೆದಿರುವುದಿಲ್ಲ. ಆದರೂ ಕುಂದಾಪುರ, ಬ್ರಹ್ಮಾವರ ಕಡೆಯ ನುರಿತ ಭಾಗವತರು ಹೊಸ ಪ್ರಸಂಗದ ಪದ್ಯವನ್ನೂ ತಾಳಕ್ಕೆ ಸರಿಯಾಗಿ ಕೂರಿಸುತ್ತಾರೆ. ಅಳತೆ ಇರುವುದು ಪದ್ಯದ ಅಕ್ಷರಗಳಲ್ಲೇ.

ಛಂದಸ್ಸಿನ ಲೆಕ್ಕದಲ್ಲಿ ಲಘುವಿಗೆ 1 ಮಾತ್ರೆ, ಗುರುವಿಗೆ 2. ಹರಿಹರನ ರಗಳೆ, ರಾಘವಾಂಕನ ಷಟ್ಪದಿಗಳ ಕಾಲಕ್ಕೆ ಈ ಎಣಿಕೆ ಕನ್ನಡ ಕಾವ್ಯದ ನಡಿಗೆಯೇ ಆಯಿತು. ಪ್ರಸಂಗಕರ್ತರು ಅದೇ ದಾರಿ ಹಿಡಿದರು. 7 ಮಾತ್ರೆಯ ತ್ರಿವುಡೆಗೆ ಒಂದು ಸಾಲು ಕಟ್ಟಿ ನೋಡೋಣ: ‘ಕಡಲ ತೆರೆಯಲಿ ದೋಣಿ ಸಾಗಿತು’. ‘ಕಡಲ’ ಮೂರಕ್ಷರ, ‘ದೋಣಿ’ ಎರಡಕ್ಷರ. ಎರಡಕ್ಕೂ ಹಿಡಿಯುವ ಕಾಲ 3 ಮಾತ್ರೆ. ‘ತೆರೆಯಲಿ’, ‘ಸಾಗಿತು’ ತಲಾ 4. ಮೂರು-ನಾಲ್ಕು, ಮೂರು-ನಾಲ್ಕು ಎಂದು ಕೈತಟ್ಟಿ ಹೇಳಿ, ತಾಳ ತಾನಾಗಿ ನಿಲ್ಲುತ್ತದೆ. 10 ಮಾತ್ರೆಯ ಝಂಪೆಗೆ ಐದೈದರ ಗಣ ಒಗ್ಗುತ್ತದೆ.

ಯುರೋಪಿನಲ್ಲೂ ಮೊದಲು ಹೀಗೇ ಇತ್ತು. ಸ್ವರದ ಉದ್ದಕ್ಕೆ ಅವರಿಟ್ಟ ‘ಲಾಂಗಾ’, ‘ಬ್ರೆವಿಸ್’ ಎಂಬ ಹೆಸರುಗಳು ಕಾವ್ಯದ ದೀರ್ಘ, ಹ್ರಸ್ವಗಳಿಂದಲೇ ಬಂದವು. 13ನೇ ಶತಮಾನದಲ್ಲಿ ಕಲೋನಿನ ಫ್ರಾಂಕೊ ಚಿಹ್ನೆಯ ಆಕಾರದಿಂದಲೇ ಕಾಲ ತಿಳಿಯುವ ಕ್ರಮವನ್ನು ಗಟ್ಟಿಮಾಡಿದ. ನಮ್ಮ ಕರ್ನಾಟಕ ಸಂಗೀತದ ಪುಸ್ತಕಗಳಲ್ಲೂ ಬರಹವೇ ಕಾಲ ಹೇಳುತ್ತದೆ: ‘ಸ’ ಒಂದಕ್ಷರ ಕಾಲ, ‘ಸಾ’ ಎರಡು. ಅಲ್ಪವಿರಾಮ ಹಾಕಿದರೆ ಇನ್ನೊಂದು, ಮೇಲೆ ಗೆರೆ ಎಳೆದರೆ ಕಾಲ ಅರ್ಧ.

ಯಕ್ಷಗಾನ ಅಷ್ಟು ದೂರ ಹೋಗಲಿಲ್ಲ. ಭಾಮಿನಿ, ವಾರ್ಧಕ ಷಟ್ಪದಿಗಳಿಗೆ ಮಾತ್ರೆಯ ಲೆಕ್ಕ ಬಿಗಿಯಾಗಿದ್ದರೂ ಭಾಗವತರು ಅವನ್ನು ತಾಳದ ಹಂಗಿಲ್ಲದೆ ಎಳೆದು ಹಾಡುತ್ತಾರೆ. ಆ ಎಳೆತ, ವಿಳಂಬದಲ್ಲಿ ಒಂದು ಮಾತ್ರೆ ಎಷ್ಟು ಹಿಗ್ಗಬೇಕೆಂಬ ಅಂದಾಜು, ಇವೆಲ್ಲ ಗುರುವಿನ ಎದುರು ಕೂತು ಕಲಿತದ್ದು. ಬರೆಯದೆ ಬಿಟ್ಟದ್ದರಿಂದ ನಷ್ಟವೂ ಆಗಿದೆ. ಹಳೆಯ ಪ್ರಸಂಗಗಳನ್ನು ಹುಡುಕಿ ಓದಿದ ಕೋಟದ ಶಿವರಾಮ ಕಾರಂತರಿಗೆ ಹೆಸರು ಮಾತ್ರ ಉಳಿದು ಹಾಡುವ ಕ್ರಮ ಮರೆತುಹೋದ ರಾಗಗಳು ಸಿಕ್ಕವು. 1990ರಲ್ಲಿ ಅಗಲಿದ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಹಾಡಿಕೆ ನಮಗೆ ಉಳಿದದ್ದು ಕ್ಯಾಸೆಟ್ಟುಗಳ ಪುಣ್ಯದಿಂದ.

ನಮ್ಮ ಶಾಲೆಗಳಲ್ಲಿ ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿಸುವುದು ಅಂಕಕ್ಕಾಗಿ ಮಾತ್ರ ಎಂಬಂತಾಗಿದೆ. ಅಲ್ಲಿನ ಗುರು-ಲಘು ಮಕ್ಕಳಿಗೆ ಕಿವಿಯಿಂದ ತಿಳಿಯಬೇಕಾದ್ದು. ಕನ್ನಡ ಮೇಷ್ಟ್ರುಗಳೇ, ಈ ವರ್ಷ ಆ ಪಾಠದ ದಿನ ಊರಿನ ಭಾಗವತರೊಬ್ಬರನ್ನು ತರಗತಿಗೆ ಕರೆಯಿರಿ.