ಅಂತ್ಯಕ್ರಿಯೆಯ ಖರ್ಚಿಗೆ ಫಸಲಿನ ಕಾಲದಲ್ಲೇ ಏರ್ಪಾಡು

ಸಾವಿನ ಮಾತನ್ನು ಬದುಕಿರುವಾಗ ಆಡುವುದು ಅಮಂಗಳವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಗಳ ಮದುವೆಗೆಂದು ಹಲವು ವರ್ಷ ಮೊದಲೇ ತೋಟದ ಅಂಚಿಗೆ ಸಿಲ್ವರ್ ಓಕ್ ನೆಟ್ಟು ಬೆಳೆಸುವ ಬೆಳೆಗಾರನು, ತನ್ನ ಉತ್ತರಕ್ರಿಯೆಗೆ ಎಷ್ಟು ಹಣ ಬೇಕಾದೀತು, ಅದು ಎಲ್ಲಿಂದ ಬರಬೇಕು ಎಂಬುದನ್ನು ಮನೆಯವರೊಡನೆ ಒಮ್ಮೆಯೂ ಮಾತನಾಡಿರುವುದಿಲ್ಲ. ಆದರೂ ಪ್ರತಿಯೊಂದು ಮನೆಗೂ ತಪ್ಪದ ಖರ್ಚು ಇದು. ಆದ್ದರಿಂದ ಸದಸ್ಯ ಬಾಂಧವರ ಮುಂದೆ ಈ ವಿಷಯವನ್ನು ಇಡಲು ನಾವು ಸಂಕೋಚಪಡಬೇಕಾಗಿಲ್ಲ.

ನಮ್ಮ ಕಸುಬಿನಲ್ಲಿ ಹಣ ಬರುವ ಕಾಲ ಒಂದು, ಹೋಗುವ ಕಾಲ ಇನ್ನೊಂದು. ಅಡಿಕೆಯಾಗಲಿ ಕಾಫಿಯಾಗಲಿ, ಕೊಯ್ಲಿನ ದುಡ್ಡು ಬಹುಮಟ್ಟಿಗೆ ಮಳೆಗಾಲ ಕಳೆದ ಮೇಲೆಯೇ ಕೈ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರ, ಕಳೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಆಳುಗಳ ಕೂಲಿ ಎಂದು ಬರೀ ಖರ್ಚೇ. ಮನೆಯ ಯಜಮಾನರು ಆಷಾಢದ ಮಳೆಯಲ್ಲಿ ತೀರಿಕೊಂಡರೆ ಮೊದಲ ಪರದಾಟ ಒಣಸೌದೆಗೆ. ನಂತರ ನೆಂಟರಿಷ್ಟರ ಊಟ, ಪುರೋಹಿತರು, ದಾನ. ಕೆಲವರಲ್ಲಿ ಹನ್ನೊಂದನೇ ದಿನದ ತಿಥಿ, ಕೆಲವರಲ್ಲಿ ಹದಿಮೂರರ ವೈಕುಂಠ ಸಮಾರಾಧನೆ, ಕೆಲವರಲ್ಲಿ ಶಿವಗಣಾರಾಧನೆ. ಆಸ್ಪತ್ರೆಯ ಬಿಲ್ಲು ಇದ್ದರೆ ಅದು ಬೇರೆ.

ಹಣ ಇಲ್ಲವೆಂದಲ್ಲ, ಅದು ಮೃತರೊಬ್ಬರ ಹೆಸರಿನ ಖಾತೆಯಲ್ಲಿ ಇರುತ್ತದೆ. ಮರಣಪತ್ರ ಬರುವವರೆಗೆ ಅದನ್ನು ಮುಟ್ಟುವಂತಿಲ್ಲ. ಇಂತಹ ಹೊತ್ತಿನಲ್ಲಿಯೇ ಅಂಗಳಕ್ಕೆ ಬಂದು ಸಮಾಧಾನ ಹೇಳುವ ವ್ಯಾಪಾರಿಯೊಬ್ಬನು ಸಿಗುತ್ತಾನೆ. ಮುಂಗಡ ಕೊಡುತ್ತಾನೆ, ಬದಲಿಗೆ ಫಸಲನ್ನು ಚೇಣಿಗೆ ಬರೆಸಿಕೊಳ್ಳುತ್ತಾನೆ. ಕಾಯಿ ಇನ್ನೂ ಎಳೆಯದು, ಕೊಳೆಯ ಭಯ ಮುಗಿದಿಲ್ಲ, ಧಾರಣೆ ಗೊತ್ತಿಲ್ಲ. ಈ ಮೂರನ್ನೂ ಆತ ತನ್ನ ಲಾಭದ ಕಡೆಗೇ ಲೆಕ್ಕ ಹಾಕುತ್ತಾನೆ. ಅಳುವ ಮನೆಯಲ್ಲಿ ಚೌಕಾಶಿ ಮಾಡುವವರು ಯಾರು? ಹದಿಮೂರು ದಿನಗಳ ಖರ್ಚಿಗೆ ಒಂದು ವರ್ಷದ ದುಡಿಮೆ ಹೋಗುವುದು ಹೀಗೆ.

ಕಾನೂನು ಈ ಖರ್ಚಿಗೆ ಮರ್ಯಾದೆ ಕೊಟ್ಟಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 320ನೇ ಕಲಮಿನಂತೆ, ಮೃತರ ಅಂತಸ್ತಿಗೆ ತಕ್ಕ ಯೋಗ್ಯವಾದ ಅಂತ್ಯಕ್ರಿಯೆಯ ವೆಚ್ಚವನ್ನು ಅವರ ಆಸ್ತಿಯಿಂದ ಎಲ್ಲ ಸಾಲಗಳಿಗಿಂತ ಮೊದಲು ಸಲ್ಲಿಸತಕ್ಕದ್ದು. ಆದರೆ ಸೌದೆಯವನಿಗೆ ಆ ದಿನವೇ ಕೊಡಬೇಕಾದ ಹಣವನ್ನು ಕಲಮು ತಂದುಕೊಡಲಾರದು.

ಮಾರ್ಗ ಸರಳವಾಗಿದೆ. ಪಟ್ಟಿಯ ಹಣ ಬಂದ ವಾರವೇ, ಅದು ಬೇರೆ ಕಡೆಗೆ ಹರಿಯುವ ಮೊದಲು, ಇದಕ್ಕೆಂದು ಒಂದು ಭಾಗವನ್ನು ಎತ್ತಿಡುವುದು. ಒಂದೇ ವರ್ಷ ಆಗದಿದ್ದರೆ ಮೂರು ಫಸಲಿನಲ್ಲಿ ಪೂರೈಸಬಹುದು. ಈ ಖಾತೆ ಗಂಡಹೆಂಡಿರಿಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ಹಣ ತೆಗೆಯಬಹುದೆಂಬ ಒಪ್ಪಂದದ ಮೇಲೆ ಇರಬೇಕು. ಕಾಯಂ ಠೇವಣಿ ಇಡುವುದಾದರೆ, ಒಬ್ಬರು ತೀರಿಕೊಂಡಲ್ಲಿ ಉಳಿದವರು ಅವಧಿಗೆ ಮುಂಚೆ ಮುರಿಯಬಹುದೆಂಬ ಸೂಚನೆಯನ್ನು ಇಡುವಾಗಲೇ ಇಬ್ಬರೂ ಸಹಿಮಾಡಿ ಕೊಡತಕ್ಕದ್ದು. ಇದನ್ನು ಬಹಳ ಜನ ಮರೆಯುತ್ತಾರೆ.

ನಾಮನಿರ್ದೇಶನವನ್ನು ಕುರಿತು ಒಂದು ತಪ್ಪು ತಿಳಿವಳಿಕೆ ಇದೆ. ನಾಮಿನಿ ಎಂದ ಮಾತ್ರಕ್ಕೆ ಆ ಹಣದ ಒಡೆಯನಲ್ಲ. ಆತ ಪಡೆಯುವವನು, ಹಕ್ಕು ವಾರಸುದಾರರದು. ಬ್ಯಾಂಕ್ ಠೇವಣಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಮಗಳನ್ನು ಬಿಟ್ಟು ಮಗನನ್ನು ನಾಮಿನಿ ಮಾಡಿದರೆ ಮಗಳ ಪಾಲು ಹೋಯಿತೆಂದು ಯಾರೂ ಭಾವಿಸಬಾರದು.

ಹಣವನ್ನು ಪರರ ಕೈಗೆ ಕೊಟ್ಟು ‘ಮುಂದೆ ನೀವೇ ನೋಡಿಕೊಳ್ಳಿ’ ಎನ್ನುವುದು ಬೇರೆ ಮಾತು. ಬ್ರಿಟನ್ನಿನಲ್ಲಿ ಅಂತ್ಯಕ್ರಿಯೆಗೆ ಮುಂಗಡ ಹಣ ಪಡೆಯುವ ಕಂಪೆನಿಗಳು ಬಹುಕಾಲದಿಂದ ಇವೆ. ಅವುಗಳಲ್ಲಿ ಸೇಫ್ ಹ್ಯಾಂಡ್ಸ್ ಎಂಬುದು 2022ರ ಮಾರ್ಚಿಯಲ್ಲಿ ಕುಸಿದಾಗ ಸುಮಾರು 46,000 ಜನ ಹಣ ಕಟ್ಟಿದ್ದರು. ಅಲ್ಲಿಯ ಹಣಕಾಸು ನಿಯಂತ್ರಣ ಸಂಸ್ಥೆಯು ಈ ವ್ಯವಹಾರವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡದ್ದು ಅದೇ ವರ್ಷದ ಜುಲೈ 29ರಿಂದ. ಅಷ್ಟು ಕಟ್ಟುನಿಟ್ಟಿನ ದೇಶದಲ್ಲಿಯೇ ಹೀಗಾದರೆ, ಮನೆಬಾಗಿಲಿಗೆ ಬಂದು ರಸೀದಿ ಹರಿಯುವವರನ್ನು ನಾವು ಎಷ್ಟು ನಂಬಬೇಕು? ಹಣ ನಿಮ್ಮ ಹೆಸರಿನಲ್ಲಿ, ನಿಮ್ಮ ಮನೆಯವರ ಕೈಗೆ ಎಟಕುವಂತೆ ಇರಲಿ.

ಹಣದಷ್ಟೇ ಮುಖ್ಯವಾದುದು ಒಂದು ಹಾಳೆ ಕಾಗದ. ಎಷ್ಟು ಜನರಿಗೆ ಊಟ ಸಾಕು, ಯಾವ ದಾನ ಬೇಕು, ಯಾವುದು ಬೇಡ ಎಂಬುದನ್ನು ತಾವೇ ಬರೆದು ಸಹಿ ಹಾಕಿಡಬೇಕು. ‘ಅಪ್ಪಯ್ಯನಿಗೆ ಇಷ್ಟೂ ಮಾಡಲಿಲ್ಲವೇ’ ಎಂಬ ನೆಂಟರ ಮಾತಿಗೆ ಹೆದರಿಯೇ ಮಕ್ಕಳು ಶಕ್ತಿಮೀರಿ ಖರ್ಚು ಮಾಡುವುದು. ತೀರಿಕೊಂಡವರ ಅಕ್ಷರವೇ ಎದುರಿಗಿದ್ದರೆ ಆ ಬಾಯಿ ಮುಚ್ಚುತ್ತದೆ. ಇದನ್ನು ವಿಲ್ಲಿನೊಳಗೆ ಸೇರಿಸಿ ಪೆಟ್ಟಿಗೆಯಲ್ಲಿ ಇಡುವುದರಿಂದ ಪ್ರಯೋಜನವಿಲ್ಲ. ವಿಲ್ಲನ್ನು ತೆರೆಯುವ ವೇಳೆಗೆ ಸಾಮಾನ್ಯವಾಗಿ ಎಲ್ಲ ಮುಗಿದಿರುತ್ತದೆ. ಕಾಗದ ಎಲ್ಲಿದೆಯೆಂದು ಹೆಂಡತಿಗೂ ಹಿರಿಯ ಮಗ ಅಥವಾ ಮಗಳಿಗೂ ತಿಳಿದಿರಲಿ.

ಅದೇ ಹಾಳೆಯ ಹಿಂಭಾಗದಲ್ಲಿ ಪಹಣಿಯ ಸರ್ವೆ ನಂಬರು, ಸಂಘದ ಸದಸ್ಯತ್ವ ಸಂಖ್ಯೆ, ಠೇವಣಿ, ವಿಮೆ, ಕೊಡಬೇಕಾದ ಸಾಲ, ಬರಬೇಕಾದ ಬಾಕಿ ಇವನ್ನು ಬರೆದರೆ ಮುಂದಿನ ಕೆಲಸ ಅರ್ಧ ಆದಂತೆಯೇ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂದು 1969ರ ಕಾಯ್ದೆ ಹೇಳುತ್ತದೆ. ಮನೆಯಲ್ಲಿ ತೀರಿಕೊಂಡರೆ ತಿಳಿಸುವ ಹೊಣೆ ಮನೆಯವರದೇ. ಕರ್ಮಾಂತರದ ಗಡಿಬಿಡಿಯಲ್ಲಿ ಈ ದಿನಗಳು ದಾಟಿಹೋಗುತ್ತವೆ. ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಮರಣಪತ್ರ ಮತ್ತು ವಂಶವೃಕ್ಷ ಇಲ್ಲದೆ ಪೌತಿ ಖಾತೆ ಆಗುವುದಿಲ್ಲ. ಖಾತೆ ಆಗದಿದ್ದರೆ ಬೆಳೆಸಾಲಕ್ಕೂ ತೊಡಕು.

ಸದಸ್ಯರು ಮುಂದಿನ ಬಾರಿ ಸಂಘದ ಕಚೇರಿಗೆ ಬಂದಾಗ ತಮ್ಮ ಷೇರು ಮತ್ತು ಠೇವಣಿಗಳ ನಾಮನಿರ್ದೇಶನವನ್ನು ಒಮ್ಮೆ ತೆಗೆಸಿ ನೋಡಬೇಕೆಂದು ಕೋರುತ್ತೇವೆ. ತೀರಿಹೋದ ತಂದೆತಾಯಿಯರ ಹೆಸರೇ ಅದರಲ್ಲಿ ಇನ್ನೂ ಉಳಿದಿದ್ದರೆ ಅಂದೇ ಬದಲಾಯಿಸಬಹುದು. ಬರುವಾಗ ಮನೆಯವರನ್ನೂ ಜೊತೆಗೆ ಕರೆತಂದರೆ ಜಂಟಿ ಖಾತೆಯ ಸಹಿಯೂ ಒಂದೇ ಸಲಕ್ಕೆ ಮುಗಿಯುತ್ತದೆ.