ಹನಿ ಬೀಳುವ ಜಾಗ, ನೀರು ನುಗ್ಗುವ ಜಾಗ

ಮೇ ತಿಂಗಳು ಬಂತೆಂದರೆ ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರದ ಕಡೆ ಹೆಂಚು ಕೈಯಾಡಿಸುವವರಿಗೆ ಎಲ್ಲಿಲ್ಲದ ಬೇಡಿಕೆ. ಒಡೆದದ್ದನ್ನು ತೆಗೆದು ಬೇರೆ ಹಾಕಿ, ಪಾಚಿ ಕೆರೆದು, ಜಾರಿದ್ದನ್ನು ಮೇಲಕ್ಕೆ ಸರಿಸಿ ಕೊಡುವುದು ಕೆಲವೇ ದಿನದ ಕೆಲಸ. ಆದರೆ ಮಾಡು ಹತ್ತುವ ಜನ ಊರಲ್ಲಿ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಸೋರುವ ಮನೆಗೆ ಈಗ ಎಲ್ಲರ ಬಾಯಲ್ಲೂ ಒಂದೇ ಮದ್ದು: ‘ಮೇಲೊಂದು ಶೀಟ್ ಹೊದೆಸಿಬಿಡಿ.’ ಹೆಂಚಿನ ಮನೆಗೂ ಅದೇ, ತಾರಸಿ ಮನೆಗೂ ಅದೇ. ಬೋರ್‌ವೆಲ್ ತೆಗೆಸುವ ಮುಂಚೆ ಪಾಯಿಂಟ್ ನೋಡುವವರನ್ನು ಕರೆಸುತ್ತೇವೆ, ತೋಟಕ್ಕೆ ಗೊಬ್ಬರ ಹಾಕುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸುತ್ತೇವೆ. ಲಕ್ಷಗಟ್ಟಲೆ ಸುರಿಯುವ ಮಾಡಿನ ವಿಷಯದಲ್ಲಿ ಮಾತ್ರ, ಅದಕ್ಕೆ ನಿಜವಾಗಿ ಏನಾಗಿದೆ ಎಂದು ಬಲ್ಲವರಿಂದ ತಪಾಸಣೆ ಮಾಡಿಸುವುದು ತೀರಾ ಅಪರೂಪ.

ಇಂಥ ತಪಾಸಣೆಗೆ ಬಂದವರು ಮೊದಲು ಮಾಡುವುದು ಹನಿ ಬೀಳುವ ಜಾಗವನ್ನು ನಂಬದಿರುವುದು. ನೀರು ಹೆಂಚಿನ ಅಡಿಮೈಗೆ ಅಂಟಿಕೊಂಡು ಹರಿಯುತ್ತದೆ, ರೀಪಿಗೆ ತಾಗಿ ಪಕ್ಕಕ್ಕೆ ಸರಿಯುತ್ತದೆ, ಪಕ್ಕಾಸಿನ ಮೇಲೆ ಇಳಿಜಾರಿನುದ್ದಕ್ಕೂ ಜಾರುತ್ತದೆ. ಎಲ್ಲೋ ಒಂದು ಮೊಳೆಯೋ ಮರದ ಗಂಟೋ ಅಡ್ಡ ಸಿಕ್ಕಾಗ ತೊಟ್ಟಿಕ್ಕುತ್ತದೆ. ಅಡುಗೆಮನೆಯಲ್ಲಿ ಬಕೆಟ್ ಇಟ್ಟಿದ್ದರೂ ಒಡೆದ ಹೆಂಚು ಎಷ್ಟೋ ಸಾಲು ಮೇಲೆ ಇರಬಹುದು. ಇಳಿಜಾರು ಮಾಡಿನಲ್ಲಿ ಒಂದು ಸಮಾಧಾನವಿದೆ: ನೀರು ಬಂದದ್ದು ಮೇಲಿನಿಂದಲೇ, ಆದ್ದರಿಂದ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ತಾರಸಿಯಲ್ಲಿ ಅದೂ ಇಲ್ಲ. ಸ್ಲ್ಯಾಬಿನ ಒಳಗೆ ಹುಗಿದ ವಯರಿಂಗ್ ಪೈಪಿಗೆ ಎಲ್ಲೋ ನೀರು ಹೊಕ್ಕರೆ, ಆ ಪೈಪು ಹಿಡಿದೇ ಬಂದು ನಡುಮನೆಯ ಫ್ಯಾನಿನ ಬುಡದಲ್ಲಿ ತೊಟ್ಟಿಕ್ಕುತ್ತದೆ. ಮನೆಯವರು ಫ್ಯಾನಿನ ನೇರ ಮೇಲೆ ಸಿಮೆಂಟ್ ಬಳಿದು ಬಂದಿರುತ್ತಾರೆ.

ಹೆಂಚಿನ ಕಥೆಯಿಂದಲೇ ಶುರುಮಾಡೋಣ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ಕಲ್ಪನೆ ಅದಕ್ಕೂ ಹಿಂದಿನದು, ಫ್ರಾನ್ಸಿನ ಜಿಲಾರ್ದೋನಿ ಸಹೋದರರದ್ದು, 1841ರಷ್ಟು ಹಳೆಯದು. ಹೆಂಚಿನ ಅಂಚಿನಲ್ಲಿರುವ ತೋಡುಗಳು ಅಂದಕ್ಕೆ ಬಂದದ್ದಲ್ಲ. ಗಾಳಿ ಹೊಡೆದು ಓರೆಯಾಗಿ ನುಗ್ಗುವ ನೀರನ್ನು ಹಿಡಿದು ಕೆಳಗಿನ ಹೆಂಚಿನ ಬೆನ್ನಿಗೆ ಬಿಡುವ ಪುಟ್ಟ ಕಾಲುವೆಗಳು ಅವು. ಈ ಕಾಲುವೆಯಲ್ಲಿ ಧೂಳು, ತರಗೆಲೆ, ಪಾಚಿ ತುಂಬಿತೆಂದರೆ ಎರಡು ಕೆಡುಕು ಒಟ್ಟಿಗೇ ಆಗುತ್ತವೆ. ನೀರು ಹರಿಯದೆ ಕಟ್ಟಿ ನಿಲ್ಲುತ್ತದೆ. ಜೊತೆಗೆ ಸಂದಿಯ ಕಸ ನೀರನ್ನು ಹೀರಿ ಮೇಲ್ಮುಖವಾಗಿಯೂ ಎಳೆಯುತ್ತದೆ. ಲೋಮನಾಳದಲ್ಲಿ ನೀರು ತಾನಾಗಿ ಏರುತ್ತದೆಂದು ಶಾಲೆಯಲ್ಲಿ ಓದಿದ್ದು ಇದೇ. ಹೀಗಾಗಿ ಒಂದೂ ಹೆಂಚು ಒಡೆಯದ ಮಾಡು ಕೂಡ ಸೋರಬಹುದು. ಅದಕ್ಕೆ ಬೇಕಾದದ್ದು ಶೀಟ್ ಅಲ್ಲ, ಗಟ್ಟಿ ಬ್ರಷ್ಷು.

ಹೆಂಚು ಚೆನ್ನಾಗಿ ಬೆಂದಿದೆಯೇ ಎಂದು ನೋಡಲು ಹಳೆಯ ವಿಧಾನವೇ ಸಾಕು: ಬೆರಳ ಗಿಣ್ಣಿನಿಂದ ಬಡಿದರೆ ಗಟ್ಟಿ ಹೆಂಚು ‘ಠಣ್’ ಎನ್ನುತ್ತದೆ, ಕೂದಲೆಳೆ ಬಿರುಕಿದ್ದರೆ ದನಿ ಮಂಕು. ಇದರ ಹಿಂದಿನ ಭೌತಶಾಸ್ತ್ರ ಸರಳ. ಬಿರುಕಿನ ಎರಡು ಮುಖಗಳು ಪರಸ್ಪರ ಉಜ್ಜಿ ಕಂಪನದ ಶಕ್ತಿಯನ್ನು ನುಂಗಿಬಿಡುತ್ತವೆ. ಇನ್ನು ಹೀರುವಿಕೆ. ಮಂಗಳೂರು ಹೆಂಚು ಎರಡೂವರೆ ಕಿಲೊ ಆಸುಪಾಸು ತೂಗುತ್ತದೆ, ಒಂದು ಚದರ ಮೀಟರಿಗೆ ಸುಮಾರು 15 ಬೇಕು. 100 ಚದರ ಮೀಟರಿನ ಮಾಡೆಂದರೆ ಹೆಂಚಿನ ತೂಕವೇ ಮೂರೂಮುಕ್ಕಾಲು ಟನ್. ಮಳೆಯಲ್ಲಿ ನೆನೆದ ಹೆಂಚು ತನ್ನ ತೂಕದ ಶೇ 15ರಷ್ಟು ನೀರು ಹೀರಿತು ಎಂದಿಟ್ಟುಕೊಂಡರೆ ಮರದ ಮೇಲೆ ಇನ್ನೂ 560 ಕಿಲೊ ಬಿತ್ತು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ಈ ಹೆಚ್ಚುವರಿ ಭಾರ ತಿಂಗಳುಗಟ್ಟಲೆ ಇಳಿಯುವುದೇ ಇಲ್ಲ. ಮರ ಬಳಲುವುದು ಆಗಲೇ.

ಹಾಗಾಗಿ ಅನುಭವಿ ತಪಾಸಣೆಗಾರರು ಹೆಂಚಿಗಿಂತ ಹೆಚ್ಚು ಹೊತ್ತು ಅಟ್ಟದಲ್ಲಿ ಕಳೆಯುತ್ತಾರೆ. ಟಾರ್ಚನ್ನು ಮರಕ್ಕೆ ನೇರವಾಗಿ ಹಿಡಿಯದೆ ಅದರ ಮೈಗುಂಟ ಬೆಳಕು ಸವರಿಕೊಂಡು ಹೋಗುವಂತೆ ಹಿಡಿದರೆ ಉಬ್ಬು, ತಗ್ಗು, ಗೆದ್ದಲಿನ ಮಣ್ಣಿನ ಗೆರೆ ಎಲ್ಲವೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಜೊತೆಗೆ ಒಂದು ಸ್ಕ್ರೂಡ್ರೈವರ್. ಅದನ್ನು ಚುಚ್ಚಿ ನೋಡುವುದು ಮುಖ್ಯವಾಗಿ ಎರಡು ಕಡೆ: ಪಕ್ಕಾಸಿನ ಕೆಳತುದಿ ಸೂರಿನ ಬಳಿ, ಮತ್ತು ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವಲ್ಲಿ. ಮರದ ನಾಳಗಳು ಬಾಯ್ತೆರೆದಿರುವುದು ಅಡ್ಡ ಕೊಯ್ದ ತುದಿಯಲ್ಲಿ. ನೀರು ಪಕ್ಕದ ಮೈಯಿಂದ ಹೊಗುವುದಕ್ಕಿಂತ ಎಷ್ಟೋ ಬೇಗ ಅಲ್ಲಿಂದ ಹೊಗುತ್ತದೆ. ಜಂಬಿಟ್ಟಿಗೆ ಗೋಡೆಯ ಥಂಡಿಯಲ್ಲಿ ಹೂತ ಆ ತುದಿಗೆ ಗಾಳಿ ತಗಲುವುದೂ ಇಲ್ಲ. ತೊಲೆಯ ನಡುಭಾಗ ಕಬ್ಬಿಣದ ಹಾಗೆ ಕಂಡರೂ ತುದಿಯಲ್ಲಿ ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಗುತ್ತದೆ.

ತೇವ ಅಳೆಯುವ ಮೀಟರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿದರೆ ನಡುವಿನ ವಿದ್ಯುತ್ ಪ್ರತಿರೋಧವನ್ನು ಲೆಕ್ಕಹಾಕಿ ತೇವಾಂಶ ಎಷ್ಟೆಂದು ತೋರಿಸುತ್ತದೆ. ಶೇ 20ಕ್ಕಿಂತ ಕಡಿಮೆ ತೇವವಿರುವ ಮರವನ್ನು ಕೊಳೆಸುವ ಶಿಲೀಂಧ್ರಗಳು ಬೆಳೆಯವು ಎಂಬುದು ಎಲ್ಲೆಡೆ ಒಪ್ಪಿದ ಅಂದಾಜು. ಆದರೆ ಮಲೆನಾಡಿನ ಆಷಾಢದಲ್ಲಿ ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಗಾಳಿಯ ಆರ್ದ್ರತೆ ಶೇ 90ರ ಹತ್ತಿರ ದಿನಗಟ್ಟಲೆ ನಿಂತರೆ ಒಂದು ಹನಿಯೂ ತಾಗದ ಮರ ಕೂಡ ಗಾಳಿಯಿಂದಲೇ ತೇವ ಹೀರಿ ಶೇ 20ರ ಸುತ್ತಮುತ್ತ ತಲುಪುತ್ತದೆ. ಆ ದಿನ ಮೀಟರ್ ಹಿಡಿದು ‘ನಿಮ್ಮ ಮರವೆಲ್ಲ ಹೋಗಿದೆ’ ಎನ್ನುವವರಿಗೆ ಉಪಕರಣ ಗೊತ್ತು, ಊರು ಗೊತ್ತಿಲ್ಲ. ಅದೇ ಮರದ ಎರಡು ಜಾಗ ಹೋಲಿಸಬೇಕು: ಕಲೆಯಿದ್ದಲ್ಲಿ ಎಷ್ಟು, ಕಲೆಯಿಲ್ಲದಲ್ಲಿ ಎಷ್ಟು? ಅಂತರ ದೊಡ್ಡದಿದ್ದರೆ ಅಲ್ಲಿ ಸೋರಿಕೆ ಇದೆ.

ಕುಟ್ಟೆ ಹಿಡಿದ ಮರದ ವಿಷಯದಲ್ಲೂ ಅವಸರದ ತೀರ್ಪು ಬಹಳ. ತೊಲೆಯ ಮೈಮೇಲೆ ಸೂಜಿ ತೂತುಗಳು, ನೆಲದಲ್ಲಿ ಹಿಟ್ಟಿನಂಥ ಪುಡಿ ಕಂಡಕೂಡಲೇ ‘ಇಡೀ ತೊಲೆ ಬದಲಾಯಿಸಿ’ ಎನ್ನುತ್ತಾರೆ. ಈ ಪುಡಿ ಉದುರಿಸುವ ದುಂಬಿಯ ಮರಿಗಳಿಗೆ ಬೇಕಾದದ್ದು ಪಿಷ್ಟ. ಅದಿರುವುದು ಮರದ ಹೊರಗಿನ ಬಿಳಿಭಾಗದಲ್ಲಿ. ಒಳಗಿನ ಚೇಗು ಅವುಗಳಿಗೆ ಒಗ್ಗುವುದಿಲ್ಲ. ಹಳೆಯ ಮನೆಗಳ ಹೊನ್ನೆ, ತೇಗದ ತೊಲೆಗಳಲ್ಲಿ ಚೇಗಿನ ಪಾಲೇ ದೊಡ್ಡದು. ಬಿಳಿಭಾಗವನ್ನು ಬಾಚಿಯಿಂದ ಕೆತ್ತಿ ಒಳಗೆ ಎಷ್ಟು ಗಟ್ಟಿ ಮರ ಉಳಿದಿದೆ ಎಂದು ಅಳೆಯುವ ಆಚಾರಿಯೊಬ್ಬರು ಜೊತೆಗಿದ್ದರೆ, ಈಗ ದುಡ್ಡು ಕೊಟ್ಟರೂ ಸಿಗದ ತೊಲೆಯೊಂದು ಉಳಿಯುತ್ತದೆ. ಹುಳು ಈಗಲೂ ಇದೆಯೋ ಎಂದೋ ಬಿಟ್ಟುಹೋಯಿತೋ ಎಂಬುದಕ್ಕೆ ತೊಲೆಯ ಕೆಳಗೆ ಗುಡಿಸಿ ಒಂದು ಕಪ್ಪು ಕಾಗದ ಹಾಸಿಟ್ಟರಾಯಿತು. ವಾರ ಕಳೆದರೂ ಪುಡಿ ಬೀಳದಿದ್ದರೆ ಇನ್ನೂ ಕೆಲವು ವಾರ ಕಾಯಬಹುದು, ಕೊಡಲಿ ಎತ್ತಬೇಕಾಗಿಲ್ಲ.

ಬಾಗಿದ ಮಾಡು ಎಲ್ಲರಿಗೂ ಕಾಣುತ್ತದೆ. ಅದು ಹಳೆಯ ಬಾಗೋ, ಬೆಳೆಯುತ್ತಿರುವ ಬಾಗೋ ಎಂಬುದು ಕಾಣುವುದಿಲ್ಲ. ಭಾರ ಹೊತ್ತ ಮರ ದಶಕಗಳಲ್ಲಿ ನಿಧಾನಕ್ಕೆ ಜಗ್ಗುವುದು ಸಹಜ. ಅಷ್ಟರಿಂದ ಮನೆ ಬೀಳುವುದಿಲ್ಲ. ತೊಲೆಯ ಎರಡು ತುದಿಗೆ ದಾರ ಬಿಗಿದು, ನಡುವಿನಲ್ಲಿ ಎಷ್ಟು ಸಂದಿಯಿದೆ ಎಂದು ಅಳೆದು, ಅಲ್ಲೇ ಗೋಡೆಯ ಮೇಲೆ ತಾರೀಕಿನ ಸಮೇತ ಬರೆದಿಟ್ಟರೆ ಮುಂದಿನ ವರ್ಷ ಉತ್ತರ ಸಿಗುತ್ತದೆ. ಇಂಥಲ್ಲಿ ತಪಾಸಣೆಗಾರರು ಮನೆಯ ಹಿರಿಯರನ್ನು ಕೇಳುವ ಪ್ರಶ್ನೆ ಒಂದೇ: “ಅಜ್ಜ, ಇಲ್ಲಿ ಮೊದಲು ಕಂಬ ಇತ್ತಾ?” ಜಗಲಿಯನ್ನು ಹಾಲ್ ಮಾಡುವಾಗ ನಡುವಿನ ಕಂಬ ತೆಗೆಸಿದ ಮನೆಗಳು ಬೇಕಾದಷ್ಟಿವೆ. ಸಮನಾಗಿ ಹರಡಿದ ಭಾರ ಹೊತ್ತ ತೊಲೆಯ ಬಾಗು, ಆಧಾರಗಳ ನಡುವಿನ ಅಂತರದ ನಾಲ್ಕನೇ ಘಾತದಲ್ಲಿ ಏರುತ್ತದೆ. ಅಂತರ ದುಪ್ಪಟ್ಟಾದರೆ ಬಾಗು ಎರಡು ಪಟ್ಟಲ್ಲ, 16 ಪಟ್ಟು. ಕಂಬವನ್ನು ಮತ್ತೆ ನಿಲ್ಲಿಸುವುದೇ ಅಲ್ಲಿ ಅತಿ ಅಗ್ಗದ ದುರಸ್ತಿ, ಸೋಫಾ ಸ್ವಲ್ಪ ಆಚೆ ಸರಿಸಬೇಕಾದೀತು.

ಇಷ್ಟು ನೋಡಿದ ಮೇಲೆ ಶೀಟಿನ ಮಾತು. ಗಾಳಿಯ ಒತ್ತಡದ ಲೆಕ್ಕಕ್ಕೆ ಎಂಜಿನಿಯರುಗಳು ಬಳಸುವ ಸೂತ್ರ ಚಿಕ್ಕದು: ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂದು ಬರುತ್ತದೆ. ಭಾರತೀಯ ಮಾನಕದಲ್ಲಿ ಮಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಬೆಂಗಳೂರಿನದು 33. ಮಂಗಳೂರಿನ ಲೆಕ್ಕಕ್ಕೆ ಸುಮಾರು 910 ನ್ಯೂಟನ್, ಅಂದರೆ ಪ್ರತಿ ಚದರ ಮೀಟರಿಗೆ 93 ಕಿಲೊ ತೂಕಕ್ಕೆ ಸಮನಾದ ಬಲ. ಮಾಡಿನ ಆಕಾರ, ಇಳಿಜಾರು ನೋಡಿಕೊಂಡು ಇದರ ಒಂದಷ್ಟು ಪಾಲು ಮೇಲ್ಮುಖ ಸೆಳೆತವಾಗುತ್ತದೆ. ಇಳಿಜಾರು ಕಡಿಮೆಯಿರುವ ಮಾಡಿಗೆ ಸೆಳೆತ ಜಾಸ್ತಿ, ಅಂಚಿನಲ್ಲಿ ಇನ್ನೂ ಜಾಸ್ತಿ. ಹೆಂಚಿನ ಮಾಡು ಚದರ ಮೀಟರಿಗೆ 37 ಕಿಲೊ ತೂಗುತ್ತದೆ, ಹೆಂಚುಗಳ ಸಂದಿಯಲ್ಲಿ ಗಾಳಿ ನುಸುಳಿ ಒಳಹೊರಗಿನ ಒತ್ತಡದ ವ್ಯತ್ಯಾಸವೂ ತಗ್ಗುತ್ತದೆ. ತಗಡಿನ ಶೀಟು ತೂಗುವುದು 5 ಕಿಲೊ ಆಸುಪಾಸು, ಅದಕ್ಕೆ ಸಂದಿಯೂ ಇಲ್ಲ. ಅದನ್ನು ಹಿಡಿದಿಡುವುದು ಬೋಲ್ಟು ಮಾತ್ರ. ಆ ಬೋಲ್ಟುಗಳನ್ನು ತಾರಸಿಯ ತೆಳು ಪ್ಯಾರಾಪೆಟ್ ಗೋಡೆಗೆ ಸಿಕ್ಕಿಸಿದ್ದರೆ ಗಾಳಿಮಳೆಗೆ ಶೀಟು ಪ್ಯಾರಾಪೆಟ್ ಸಮೇತ ಹಾರುತ್ತದೆ. ಶೀಟ್ ಬೇಡವೇ ಬೇಡವೆಂದಲ್ಲ. ಮಳೆನಾಡಿನ ಚಪ್ಪಟೆ ತಾರಸಿಗೆ ಎಷ್ಟೋ ಸಲ ಅದು ಸರಿಯಾದ ಉಪಾಯವೇ. ಆದರೆ ಆಧಾರ ಎಲ್ಲಿ ಕೊಡಬೇಕು, ಎಷ್ಟು ಇಳಿಜಾರು ಬೇಕು ಎಂಬುದನ್ನು ಶೀಟ್ ಮಾರುವವರಿಗೇ ಬಿಟ್ಟರೆ ಹೇಗೆ?

ಆಸ್ಬೆಸ್ಟಾಸ್ ಶೀಟಿನ ಕೊಟ್ಟಿಗೆ, ಅಡಿಕೆ ಮನೆಗಳ ವಿಷಯಕ್ಕೆ ಒಂದೆರಡು ಮಾತು ಸಾಕು: ಹಳೆಯ ಶೀಟಿನ ಮೇಲೆ ಕಾಲಿಡಬಾರದು, ಅದು ಮುನ್ಸೂಚನೆ ಕೊಡದೆ ಮುರಿಯುತ್ತದೆ. ಒಣಗಿದ್ದಾಗ ಕೊಯ್ಯುವುದು, ಕೊರೆಯುವುದು, ಒಡೆಯುವುದೂ ಬೇಡ. ಅದರ ನಾರಿನ ಧೂಳು ಕ್ಯಾನ್ಸರ್‌ಕಾರಕ.

ತಾರಸಿಯ ಮುಖ್ಯ ಶತ್ರು ಸೋರುವ ನೀರಲ್ಲ, ಒಳಗಿನ ಕಬ್ಬಿಣ ಹಿಡಿಯುವ ತುಕ್ಕು. ಹೊಸ ಕಾಂಕ್ರೀಟಿನ ಪಿಎಚ್ 12.5ಕ್ಕೂ ಮೇಲೆ. ಆ ಕ್ಷಾರದಲ್ಲಿ ಸರಳಿನ ಮೇಲೆ ತೆಳುವಾದ ರಕ್ಷಣಾ ಪದರ ನಿಂತಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷ ಕಳೆದಂತೆ ಒಳಗಿಳಿದು ಪಿಎಚ್ ಅನ್ನು 9ರ ಕೆಳಗೆ ತಂದಾಗ ಪದರ ಕರಗುತ್ತದೆ, ತೇವ ಸಿಕ್ಕಕೂಡಲೇ ತುಕ್ಕು ಶುರು. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಆ ಒತ್ತಡಕ್ಕೆ ಅಡಿಭಾಗದ ಗಾರೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಪತ್ತೆಗೆ ಬೇಕಾದದ್ದು ಸಣ್ಣ ಸುತ್ತಿಗೆ ಮತ್ತು ಕಾಲೇಜು ಲ್ಯಾಬಿನ ಫಿನಾಲ್ಫ್ತಲೀನ್. ಹೊಸದಾಗಿ ಒಡೆದ ಜಾಗಕ್ಕೆ ಇದನ್ನು ಸಿಂಪಡಿಸಿದರೆ ಕ್ಷಾರ ಉಳಿದಿರುವ ಕಾಂಕ್ರೀಟ್ ಕಡು ಗುಲಾಬಿಯಾಗುತ್ತದೆ, ಸತ್ವ ಹೋದದ್ದು ಬಣ್ಣ ತಾಳುವುದಿಲ್ಲ. ಬಣ್ಣವಿಲ್ಲದ ಪಟ್ಟಿ ಸರಳಿನವರೆಗೆ ಮುಟ್ಟಿದೆಯೇ ಎಂಬುದೇ ಪ್ರಶ್ನೆ. ಸ್ಲ್ಯಾಬಿನ ಸರಳಿಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು. ಕವರ್ ಬ್ಲಾಕ್ ಇಡದೆ ಸರಳನ್ನು ಹಲಗೆಯ ಮೇಲೇ ಮಲಗಿಸಿ ಕಾಂಕ್ರೀಟ್ ಸುರಿದ ಮನೆಗಳಲ್ಲಿ 5 ಮಿಲಿಮೀಟರೂ ಇರುವುದಿಲ್ಲ. ಇಂಗಾಲ ಇಳಿಯುವ ಆಳ ಕಾಲದ ವರ್ಗಮೂಲದ ಲೆಕ್ಕದಲ್ಲಿ ಹೆಚ್ಚುತ್ತದೆ. ಅಂದರೆ 10 ಮಿಲಿಮೀಟರಿಗೆ ಹತ್ತು ವರ್ಷ ಹಿಡಿದರೆ 20ಕ್ಕೆ ನಲವತ್ತು ವರ್ಷ. ಕಟ್ಟುವಾಗ ಅಂಗುಲಕ್ಕಿಂತ ಸಣ್ಣ ಸಿಮೆಂಟ್ ತುಂಡುಗಳನ್ನು ಸರಳಿನಡಿ ಇಡದ ಉದಾಸೀನಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷದ ಆಯುಸ್ಸೇ ಹೋಗುತ್ತದೆ.

ಉಷ್ಣ ಕ್ಯಾಮೆರಾ, ಡ್ರೋನ್ ತಂದವರೆಲ್ಲ ಹೆಚ್ಚು ಬಲ್ಲವರೆಂದು ತಿಳಿಯಬೇಕಾಗಿಲ್ಲ. ಉಷ್ಣ ಕ್ಯಾಮೆರಾಗೆ ನೀರು ಕಾಣುವುದಿಲ್ಲ, ತಾಪದ ವ್ಯತ್ಯಾಸ ಮಾತ್ರ ಕಾಣುತ್ತದೆ. ಒದ್ದೆ ಜಾಗ ಆರುತ್ತಾ ತಣ್ಣಗಾಗುವುದರಿಂದ ಅದು ಬೇರೆ ಬಣ್ಣದಲ್ಲಿ ಮೂಡುತ್ತದೆ. ಮೋಡ ಕವಿದು ಎಲ್ಲವೂ ಒಂದೇ ತಾಪದಲ್ಲಿರುವ ಜುಲೈ ಮಧ್ಯಾಹ್ನ ಅದರಿಂದ ಏನೂ ತಿಳಿಯದು. ಡ್ರೋನ್ ಮಾತ್ರ ನಿಜಕ್ಕೂ ಉಪಕಾರಿ, ಯಾರೂ ಜಾರುವ ಮಾಡು ಹತ್ತಬೇಕಾಗಿಲ್ಲವಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದಕ್ಕೆ ಪೈಲಟ್ ಪರವಾನಗಿ ಬೇಡ. ಮದುವೆಗೆ ವಿಡಿಯೊ ಮಾಡುವ ಹುಡುಗರಲ್ಲೇ ಅಂಥದ್ದು ಸಿಗುತ್ತದೆ.

ಯಾರನ್ನು ಕರೆಸುವುದು? ಮಾಡು ತಪಾಸಣೆಯನ್ನೇ ಕಸುಬಾಗಿಸಿಕೊಂಡವರು ಹಳ್ಳಿಗಳಲ್ಲಿ ಸುಲಭಕ್ಕೆ ಸಿಗರು. ಸ್ಟ್ರಕ್ಚರಲ್ ವಿಷಯ ಬಲ್ಲ ಸಿವಿಲ್ ಎಂಜಿನಿಯರ್ ಒಬ್ಬರು, ಹಳೆ ಮನೆಗಳ ಕೆಲಸ ಮಾಡಿದ ಆಚಾರಿಯೊಬ್ಬರು, ಇಬ್ಬರೂ ಒಂದೇ ದಿನ ಬಂದರೆ ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತದೆ. ಕಾಂಕ್ರೀಟಿನ ಪರೀಕ್ಷೆಗಳನ್ನು ಕೆಲವು ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳು ಶುಲ್ಕ ಪಡೆದು ಮಾಡಿಕೊಡುತ್ತವೆ. ಪುಕ್ಕಟೆ ತಪಾಸಣೆ ಮಾಡುತ್ತೇವೆಂದು ಬರುವವರು ಸಾಮಾನ್ಯವಾಗಿ ಏನನ್ನೋ ಮಾರಲು ಬಂದವರು. ಫೀಸು ಕೊಟ್ಟು, ವರದಿ ಬರಹದಲ್ಲೇ ಪಡೆಯುವುದು ಲೇಸು. ಅದರಲ್ಲಿ ಮಾಡಿನ ನಕ್ಷೆ, ಫೋಟೊ ತೆಗೆದ ಜಾಗದ ಗುರುತು, ಈ ಮಳೆಗಾಲದೊಳಗೆ ಆಗಲೇಬೇಕಾದ್ದು ಯಾವುದು, ಮುಂದಿನ ವರ್ಷಕ್ಕೆ ತಡೆಯುವುದು ಯಾವುದು, ಬರೀ ಗಮನಿಸುತ್ತಿರಬೇಕಾದ್ದು ಯಾವುದು ಎಂಬ ವಿಂಗಡಣೆ ಇರಲಿ. ಸೂರ್ಯಫಲಕ ಹಾಕಿಸುವ ಯೋಚನೆಯಿದ್ದರೆ ಅದನ್ನೂ ಮುಂಚಿತವಾಗಿ ಹೇಳಿ, ಅದರ ಭಾರ ಮತ್ತು ಗಾಳಿಯ ಸೆಳೆತವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ.

ಮಳೆ ಜೋರಿರುವಾಗ ಅಟ್ಟಕ್ಕೆ ಹತ್ತಿ ನೀರಿನ ದಾರಿಯನ್ನು ಸೀಮೆಸುಣ್ಣದಲ್ಲಿ ಗುರುತು ಹಾಕುವುದು ಮನೆಯವರ ಕೆಲಸ. ತಜ್ಞರಿಗೆ ದೀಪಾವಳಿ ಕಳೆದ ಮೇಲಿನ ದಿನಗಳು ಅನುಕೂಲ: ಕಲೆಗಳು ಹೊಸದಾಗಿಯೇ ಇರುತ್ತವೆ, ಮರ ಆರತೊಡಗಿರುತ್ತದೆ, ಸಾಮಾನು ಹೊಂದಿಸಲು ಬೇಸಿಗೆಯವರೆಗೆ ಸಮಯವಿರುತ್ತದೆ. ಅಡಿಕೆ ಕೊಯ್ಲು ಆಗಲೇ ಶುರುವಾಗಿರುವುದರಿಂದ ಏಣಿ ಹಿಡಿಯಲು ಜನ ಸಿಗುವುದಷ್ಟೇ ಕಷ್ಟ.