ಕರಿಯ ಕಚ್ಚಿದ್ದನ್ನು ನಾವು ಮುಚ್ಚಿಟ್ಟೆವು

ಹೋದ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಮೂರು ದಿನ ಬಿಡದೆ ಮಳೆ. ತೋಟಕ್ಕೆ ಇಳಿದರೆ ಜಿಗಣೆ, ರಸ್ತೆಗೆ ಹೋದರೆ ಕೆಸರು. ಹುಡುಗಿ ಜಗಲಿಯ ಮೂಲೆ ಹಿಡಿದು ಮೊಬೈಲಿನಲ್ಲಿ ಜೋಂಬಿ ಸಿನಿಮಾ ಹಾಕಿಕೊಂಡಳು. ನಾನೂ ಪಕ್ಕದಲ್ಲಿ ಕೂತು ಸ್ವಲ್ಪ ನೋಡಿದೆ. ಒಬ್ಬ ಇನ್ನೊಬ್ಬನನ್ನು ಕಚ್ಚುತ್ತಾನೆ. ಕಚ್ಚಿಸಿಕೊಂಡವನಿಗೆ ತನ್ನವರು ಯಾರು, ಪರರು ಯಾರು ಎಂಬ ಗುರುತೇ ಹೋಗಿ ಅವನೂ ಕಚ್ಚಲು ಹೊರಡುತ್ತಾನೆ. ಅಳಿದುಳಿದ ಏಳೆಂಟು ಜನ ಒಂದು ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದಾರೆ. ಅವರಲ್ಲೊಬ್ಬ ತನಗೆ ಕಚ್ಚಿದ್ದನ್ನು ಅಂಗಿಯ ತೋಳಿನಡಿ ಮುಚ್ಚಿಟ್ಟಿದ್ದಾನೆ.

"ತಾತ, ಅವನು ಮೋಸಗಾರ ಅಲ್ವಾ? ಜೊತೇಲಿರೋರಿಗೆ ಹೇಳ್ಬೇಕಿತ್ತು" ಎಂದಳು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆಮೇಲೆ ಅವಳೇ, "ಇಂಥದ್ದು ನಿಜವಾಗ್ಲೂ ಇರುತ್ತಾ?" ಎಂದು ಕೇಳಿದಳು.

ಸತ್ತವರು ಎದ್ದು ಓಡಾಡುವುದು ಕಟ್ಟುಕಥೆ. ಆದರೆ ಕಚ್ಚುವುದರಿಂದ ಹರಡುವ, ಮೆದುಳಿಗೆ ಹೋಗಿ ಸ್ವಭಾವವನ್ನೇ ಬದಲಿಸುವ ಕಾಯಿಲೆ ಇದೆ. ಅದು ನಮ್ಮ ಮನೆಯ ಕಾಫಿ ಕಣಕ್ಕೇ ಬಂದಿತ್ತು. ಅಂದು ಕಚ್ಚಿದ್ದನ್ನು ಮುಚ್ಚಿಟ್ಟವರಲ್ಲಿ ನಾನೂ ಒಬ್ಬ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಆಲೂರಿಗೂ ಸಕಲೇಶಪುರಕ್ಕೂ ನಡುವಿನ ಗುಡ್ಡದ ಸಾಲಿನಲ್ಲಿ, ಹೆದ್ದಾರಿಯಿಂದ ಮೂರು ಮೈಲಿ ಒಳಗೆ. ಈಗ ಈ ಕಡೆ ಕತ್ತಲಾದ ಮೇಲೆ ಜನ ಹೆದರುವುದು ಆನೆಗೆ. 1971ರಲ್ಲಿ ಆನೆಯ ಕಾಟ ಇಷ್ಟಿರಲಿಲ್ಲ. ನನಗಾಗ ಹತ್ತು ವರ್ಷ. ಮನೆಯಲ್ಲಿ ಕರಿಯ ಎಂಬ ನಾಯಿ ಇತ್ತು. ಮೈಯೆಲ್ಲ ಕಪ್ಪು, ಮುಂಗಾಲಿನ ಒಂದು ಬೆರಳು ಮಾತ್ರ ಬಿಳಿ. ಶಾಲೆಗೆ ಹೊರಟರೆ ಹಳ್ಳದ ಸಂಕದವರೆಗೆ ಬಂದು ಬಿಟ್ಟುಹೋಗುತ್ತಿತ್ತು, ಸಂಜೆ ಅದೇ ಸಂಕದ ಹತ್ತಿರ ಕಾದಿರುತ್ತಿತ್ತು. ಅದಕ್ಕೆ ಯಾರೂ ಗಡಿಯಾರ ಕಟ್ಟಿರಲಿಲ್ಲ. ಆದರೂ ಒಂದು ದಿನ ತಪ್ಪಿದ್ದಿಲ್ಲ.

ಆ ವರ್ಷ ಮಳೆಗಾಲದಲ್ಲಿ ಎಲ್ಲಿಂದಲೋ ಬಂದ ನಾಯಿಯ ಜೊತೆ ಕಚ್ಚಾಡಿ ಕರಿಯ ಕಿವಿ ಹರಿದುಕೊಂಡು ಬಂತು. ಅಮ್ಮ ಅರಿಶಿನ ಹಚ್ಚಿದರು. ಗಾಯ ಮಾಯಿತು, ನಾವೂ ಮರೆತೆವು. ತಿಂಗಳು ಕಳೆದ ಮೇಲೆ ಕರಿಯ ಊಟ ಬಿಟ್ಟಿತು. ಸೌದೆ ಕೊಟ್ಟಿಗೆಯ ಕತ್ತಲಲ್ಲಿ ಹೋಗಿ ಮಲಗಿತು. ಗೋಣಿಚೀಲ ಜಗಿಯಿತು, ಮಣ್ಣು ತಿಂದಿತು. ಬೊಗಳಿದರೆ ಗಂಟಲು ಕಟ್ಟಿದವರ ಹಾಗೆ ಬೇರೆಯದೇ ದನಿ. ಎರಡು ದಿನ ಮನೆಗೇ ಬರಲಿಲ್ಲ.

ಅದು ತಿರುಗಿ ಬಂದದ್ದು ಭಾನುವಾರ. ಕಣದಲ್ಲಿ ನಾನೂ ನನ್ನ ಗೆಳೆಯನೂ ಗೋಲಿ ಆಡುತ್ತಿದ್ದೆವು. ಅವನ ಅಪ್ಪ ಅಮ್ಮ ನಮ್ಮ ತೋಟದಲ್ಲೇ ಕೆಲಸ ಮಾಡುತ್ತಿದ್ದರು, ಲೈನಿನ ಮನೆಯಲ್ಲಿದ್ದರು. ಇಬ್ಬರೂ ಒಂದೇ ಕ್ಲಾಸು. ಗಿಡಗಳ ಸಂದಿಯಿಂದ ಕರಿಯ ಬಂತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನಾನು ಖುಷಿಯಲ್ಲಿ "ಕರಿಯಾ, ಬಾ" ಎಂದು ಕೈ ಚಾಚಿದೆ. ಅದು ನನ್ನ ಕಡೆ ನೋಡಿತು, ಆದರೆ ಆ ನೋಟದಲ್ಲಿ ನನ್ನ ಪರಿಚಯವೇ ಇರಲಿಲ್ಲ. ಗೆಳೆಯನಿಗೆ ನನಗಿಂತ ಮುಂಚೆ ತಿಳಿಯಿತು. ನನ್ನನ್ನು ಪಕ್ಕಕ್ಕೆ ತಳ್ಳಿ ತಾನು ಅಡ್ಡ ಬಂದ. ಕರಿಯ ಅವನ ಮೀನಖಂಡಕ್ಕೆ ಬಾಯಿ ಹಾಕಿ, ಬಿಟ್ಟು, ಗಿಡಗಳೊಳಗೆ ಓಡಿತು. ಬೀಳುವಾಗ ಅದರ ಜೊಲ್ಲು ನನ್ನ ತರಚಿದ ಕೈಗೂ ತಾಗಿತು.

ಆಗ ನಾನು ಹೇಳಿದ ಮಾತು ಇವತ್ತಿಗೂ ನೆನಪಿದೆ. "ಯಾರಿಗೂ ಹೇಳ್ಬೇಡ ಕಣೋ. ಗೊತ್ತಾದ್ರೆ ಅಪ್ಪ ಕೋವಿ ತಗೊಂಡು ಕರಿಯನ್ನ ಹೊಡೆದುಬಿಡ್ತಾರೆ."

"ಹೇಳಲ್ಲ ಬಿಡು" ಎಂದ. ನಾನು ಅಡುಗೆ ಮನೆಯಿಂದ ಒಂದು ಹಿಡಿ ಕಾಫಿಪುಡಿ ಕದ್ದು ತಂದು ಗಾಯಕ್ಕೆ ಒತ್ತಿದೆ. ನಮ್ಮ ಕಡೆ ಯಾವ ಗಾಯಕ್ಕೂ ಮೊದಲ ಮದ್ದು ಅದೇ. ಮನೆಯಲ್ಲಿ ಅವನು ಮುಳ್ಳು ಗೀರಿತು ಅಂದನಂತೆ.

ಮಾರನೆಯ ಸಂಜೆ ಕರಿಯ ಬೇಲಿಯ ಹತ್ತಿರ ಸತ್ತು ಬಿದ್ದಿತ್ತು. ಅಪ್ಪ ತೋಟದ ಎಲ್ಲರನ್ನೂ ಕಣಕ್ಕೆ ಕರೆಸಿದರು. "ಯಾರಿಗಾದ್ರೂ ಕಚ್ಚಿತಾ? ಪರಚಿತಾ? ಈಗಲೇ ಹೇಳಿ" ಎಂದು ಒಬ್ಬೊಬ್ಬರನ್ನೇ ಕೇಳಿದರು. ಗೆಳೆಯ ಅವನಪ್ಪನ ಬೆನ್ನ ಹಿಂದೆ ಒಂದು ಕಾಲನ್ನು ಇನ್ನೊಂದರ ಹಿಂದೆ ಇಟ್ಟುಕೊಂಡು ನಿಂತಿದ್ದ. ನನ್ನನ್ನೇ ನೋಡುತ್ತಿದ್ದ. ಮಾತು ಕೊಟ್ಟಿದ್ದನಲ್ಲ, ಅದನ್ನು ಬಿಡಿಸಬೇಕಾದವನು ನಾನು.

ನಾನು ನೆಲ ನೋಡಿ "ಇಲ್ಲ, ನಮ್ಮ ಹತ್ರ ಬರ್ಲೇ ಇಲ್ಲ" ಅಂದೆ.

ಅಲ್ಲಿಯವರೆಗೆ ನಾಯಿಯನ್ನು ಉಳಿಸಲಿಕ್ಕೆ ಮುಚ್ಚಿಟ್ಟೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಈಗ ಉಳಿಸಲು ನಾಯಿಯೇ ಇರಲಿಲ್ಲ. ಉಳಿದದ್ದು ನನ್ನ ಬೆನ್ನಿಗೆ ಬೀಳಬಹುದಾದ ಬೆತ್ತದ ಏಟು ಮಾತ್ರ. ಗೌಡರ ಮಗ ಇಲ್ಲ ಅಂದ ಮೇಲೆ ಲೈನಿನ ಹುಡುಗ ಹೌದು ಅನ್ನುವುದು ಆ ಕಾಲದಲ್ಲಿ ಎಷ್ಟು ಕಷ್ಟ ಎಂಬುದು ನನಗೆ ಅರ್ಥವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು.

ಮರುದಿನ ರಾತ್ರಿ ಒಲೆಯ ಮುಂದೆ ಅಜ್ಜಿ ತನ್ನ ತಮ್ಮನ ಸುದ್ದಿ ತೆಗೆದರು. ಚಿಕ್ಕವನಿದ್ದಾಗ ನಾಯಿ ಕಚ್ಚಿತ್ತಂತೆ. ನಾಟಿ ಮದ್ದು ಕುಡಿಸಿ, ಮಂತ್ರ ಹಾಕಿಸಿ, ಎಲ್ಲ ಸರಿಹೋಯಿತು ಅಂದುಕೊಂಡಿದ್ದರಂತೆ. ಎರಡು ತಿಂಗಳಿಗೆ ನೀರಿನ ಚೊಂಬು ಕಂಡರೆ ಗಂಟಲು ಬಿಗಿದುಕೊಂಡು ಚೀರತೊಡಗಿದ. ಬಾಯಾರಿಕೆ, ಆದರೆ ಕುಡಿಯಲಾರ. ಗಾಳಿ ಬೀಸಿದರೂ ನಡುಗುತ್ತಿದ್ದ. "ಕೊನೇಗೆ ನನ್ನನ್ನೇ ಗುರುತು ಹಿಡೀಲಿಲ್ಲ" ಎಂದು ಅಜ್ಜಿ ಸುಮ್ಮನಾದರು.

ನಾನು ಅತ್ತುಕೊಂಡು ಎಲ್ಲ ಹೇಳಿದೆ. ಅಜ್ಜಿ ಹೊಡೆಯಲಿಲ್ಲ, ಬಯ್ಯಲಿಲ್ಲ. ಲಾಟೀನು ಹಿಡಿದು ಹೋಗಿ ಅಪ್ಪನನ್ನು ಎಬ್ಬಿಸಿದರು. ಅಪ್ಪ ಆ ಕತ್ತಲಲ್ಲೇ ಲೈನಿಗೆ ನಡೆದರು. ಗೆಳೆಯನ ಅಪ್ಪ ಬಾಗಿಲಲ್ಲಿ ನಿಂತು, "ಗೌಡ್ರೇ, ನೆನ್ನೆ ಕೇಳಿದಾಗಲೇ ಹೇಳಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಅಪ್ಪನ ಹತ್ತಿರ ಉತ್ತರವಿರಲಿಲ್ಲ. ಬೆಳಗಾಗುವ ಮೊದಲೇ ಇಬ್ಬರನ್ನೂ ಒಂದು ಲಾರಿಯಲ್ಲಿ ಕೂರಿಸಿಕೊಂಡು ಸಕಲೇಶಪುರಕ್ಕೆ ಹೊರಟರು.

ಆಗಿನ ಚುಚ್ಚುಮದ್ದಿನ ಬಗ್ಗೆ ಅಜ್ಜ-ಅಜ್ಜಿಯರಿಗೆ ಹೇಳಬೇಕಾಗಿಲ್ಲ. ಹೊಕ್ಕುಳ ಸುತ್ತ, ದಿನಕ್ಕೊಂದರಂತೆ ಹದಿನಾಲ್ಕು. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಲಸಿಕೆ ಅದು. ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ಹಿಮಾಚಲದ ಕಸೌಲಿಯಲ್ಲಿ ರೂಪಿಸಿದ್ದು. ಅದಕ್ಕೂ ಮೊದಲು ನಾಯಿ ಕಚ್ಚಿದವರು 1900ರಲ್ಲಿ ಶುರುವಾದ ಕಸೌಲಿಯ ಸಂಸ್ಥೆಗೋ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಶುರುವಾದ ಸಂಸ್ಥೆಗೋ ಹೋಗಿ ಉಳಿಯಬೇಕಿತ್ತು. ಸೆಂಪಲ್ ಲಸಿಕೆ ಬೇಗ ಕೆಡುತ್ತಿರಲಿಲ್ಲವಾದ್ದರಿಂದ ದೂರದ ಆಸ್ಪತ್ರೆಗಳಿಗೂ ಕಳಿಸಲು ಸಾಧ್ಯವಾಯಿತು. ನೋವು ಮಾತ್ರ ಹೇಳತೀರದು. ಐದನೆಯ ದಿನಕ್ಕೆ ಹೊಟ್ಟೆ ಊದಿ ಚಡ್ಡಿ ಕಟ್ಟಲಾಗುತ್ತಿರಲಿಲ್ಲ.

ನೋವಿಗಿಂತ ಹೆಚ್ಚು ಕಾಡಿದ್ದು ಅವನ ಮೌನ. ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿರಲಿಲ್ಲ. ಒಂಬತ್ತನೆಯ ದಿನ ಬಸ್ಸು ಕೆಟ್ಟು ನಿಂತು, ಅಜ್ಜಿಯ ಜೊತೆ ನಾವಿಬ್ಬರೂ ಮಳೆಯಲ್ಲಿ ನಡೆದೆವು. ಅವನು ಕುಂಟುತ್ತಿದ್ದ. ಚೀಲ ಕೊಡು ಅಂದೆ. ಸುಮಾರು ದೂರ ನಡೆದ ಮೇಲೆ, ನನ್ನ ಕಡೆ ನೋಡದೆಯೇ ಚೀಲ ಕೊಟ್ಟ. ಹದಿನಾಲ್ಕನೆಯ ಸೂಜಿ ಮುಗಿಸಿ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮೊದಲ ಸಲ ಬಾಯಿ ಬಿಟ್ಟ: "ನೀನು ಹೇಳಿದ್ದಕ್ಕೇ ನಾನು ಉಳಿದೆ ಅಂತ ಅಜ್ಜಿ ಅಂದ್ರು. ಇಲ್ಲ ಅಂದಿದ್ದೂ ಅವನೇ ಅಂತ ನಾನು ಅಂದೆ."

ಇದನ್ನು ಹೇಳಿದಾಗ ಮೊಮ್ಮಗಳು ಮೊಬೈಲು ಕೆಳಗಿಟ್ಟಿದ್ದಳು. "ಕರಿಯ ಯಾಕೆ ಹಾಗೆ ಮಾಡ್ತು? ನಿಮ್ಮನ್ನ ಅಷ್ಟು ಪ್ರೀತಿ ಮಾಡ್ತಿತ್ತಲ್ಲ?" ಎಂದಳು.

ಮಕ್ಕಳೇ, ಕಚ್ಚಿದ್ದು ಕರಿಯನ ಬುದ್ಧಿಯಲ್ಲ. ರೇಬೀಸ್ ವೈರಸ್ ಗಾಯದಲ್ಲಿ ಸೇರಿ ನರಗಳ ದಾರಿ ಹಿಡಿದು ನಿಧಾನವಾಗಿ ಮೆದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಬೇಗ. ಮೆದುಳಿನಿಂದ ಜೊಲ್ಲಿನ ಗ್ರಂಥಿಗೆ ಬರುತ್ತದೆ. ಅತ್ತ ಬಾಯಲ್ಲಿ ವೈರಸ್ ತುಂಬುತ್ತದೆ, ಇತ್ತ ಮೆದುಳು ಕೆಟ್ಟು ನಾಯಿ ಸಿಕ್ಕಸಿಕ್ಕವರನ್ನು ಕಚ್ಚುತ್ತದೆ. ಮುಂದಿನ ಮೈಗೆ ಹೋಗಲು ಅದಕ್ಕೆ ಇಷ್ಟು ಸಾಕು. ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಹಾಗಾದವರಲ್ಲಿ ಬದುಕುಳಿದವರು ಇಡೀ ಜಗತ್ತಿನಲ್ಲಿ ತೀರಾ ವಿರಳ. ಅದು ಮೆದುಳು ತಲುಪುವ ಮೊದಲು ಲಸಿಕೆ ತನ್ನ ಕೆಲಸ ಮಾಡಬೇಕು. ಗೆಳೆಯನಿಗೆ ಕಚ್ಚಿದ್ದು ಕಾಲಿಗೆ, ದಾರಿ ದೂರವಿತ್ತು. ಮುಖಕ್ಕೋ ಕೈಗೋ ಕಚ್ಚಿದ್ದರೆ ನನ್ನ ಎರಡು ದಿನದ ಸುಳ್ಳಿಗೆ ಏನಾಗುತ್ತಿತ್ತೋ.

ದೊಡ್ಡವನಾದ ಮೇಲೆ ಒಂದು ಪುಸ್ತಕದಲ್ಲಿ ಫ್ರಾನ್ಸಿನ ಜುಪಿಯ್ ಎಂಬ ಹುಡುಗನ ವಿಷಯ ಓದಿ ನಾನು ಬೆಚ್ಚಿದೆ. 1885ರ ಅಕ್ಟೋಬರ್. ಕುರಿ ಕಾಯುವ ಹುಡುಗರ ಮೇಲೆ ಹುಚ್ಚುನಾಯಿ ನುಗ್ಗಿತು. ಉಳಿದವರು ಓಡಿದರು. ಹದಿನೈದು ವರ್ಷದ ಜುಪಿಯ್ ಓಡದೆ ನಿಂತು, ಕಚ್ಚಿಸಿಕೊಂಡೇ ಅದರ ಬಾಯಿಗೆ ಚಾಟಿಯ ಹಗ್ಗ ಬಿಗಿದು, ಮರದ ಮೆಟ್ಟಿನಿಂದ ಹೊಡೆದು ಕೊಂದ. ಅವನನ್ನು ಪ್ಯಾರಿಸ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಹತ್ತಿರ ಕರೆತರುವಷ್ಟರಲ್ಲಿ ಆರು ದಿನ ಕಳೆದಿತ್ತು. ಆದರೂ ಉಳಿದ. ಅದೇ ವರ್ಷ ಜುಲೈಯಲ್ಲಿ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಪಾಶ್ಚರ್ ಮೊದಲು ಲಸಿಕೆ ಕೊಡಿಸಿದ್ದರು. ಹತ್ತು ದಿನಗಳಲ್ಲಿ 13 ಚುಚ್ಚುಮದ್ದು. ಮೈಸ್ಟರ್ ದೊಡ್ಡವನಾಗಿ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾಗಿ ದುಡಿದ. ಜುಪಿಯ್ ನಾಯಿಯೊಡನೆ ಸೆಣಸುತ್ತಿರುವ ಪ್ರತಿಮೆ ಆ ಸಂಸ್ಥೆಯ ಆವರಣದಲ್ಲಿದೆ. ನನ್ನ ಗೆಳೆಯನಿಗೆ ಪ್ರತಿಮೆಯಿಲ್ಲ. ಕಾಲಿನ ಮೇಲೆ ನಾಲ್ಕು ಕಲೆ ಇದೆ.

ಕುರಿಮೆದುಳಿನ ಆ ಲಸಿಕೆಯನ್ನು ನಮ್ಮ ದೇಶ 2004ರ ಕೊನೆಗೆ ನಿಲ್ಲಿಸಿತು. ಈಗ ತೋಳಿಗೆ ನಾಲ್ಕೈದು ಸಲ ಸಣ್ಣ ಸೂಜಿ, ಅಷ್ಟೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡೂ ಇಲ್ಲ. ಗಾಯದಲ್ಲಿ ರಕ್ತ ಬಂದಿದ್ದರೆ ಗಾಯದ ಸುತ್ತಲೇ ಇನ್ನೊಂದು ಮದ್ದು ಹಾಕುತ್ತಾರೆ. ಅದಕ್ಕೂ ಮೊದಲು ಮನೆಯಲ್ಲೇ ಮಾಡಬೇಕಾದದ್ದು: ಹರಿಯುವ ನೀರಿನಡಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯುವುದು. ಗಡಿಯಾರ ನೋಡಿಕೊಂಡು ತೊಳೆಯಿರಿ, ಹದಿನೈದು ನಿಮಿಷ ಅಂದುಕೊಂಡದ್ದಕ್ಕಿಂತ ಉದ್ದ. ಕಾಫಿಪುಡಿ, ಸುಣ್ಣ, ಖಾರದಪುಡಿ, ಅರಿಶಿನ ಯಾವುದೂ ಬೇಡ. ನನ್ನ ವಾರಿಗೆಯವರು ದಯವಿಟ್ಟು ಕಾಫಿಪುಡಿ ಡಬ್ಬ ಮುಚ್ಚಿಡಿ. ಮುದ್ದು ಮರಿ ಪರಚಿದರೂ, ಸಾಕಿದ ನಾಯಿಯೇ ಕಚ್ಚಿದರೂ ತೊಳೆದು ಆಸ್ಪತ್ರೆಗೆ ಹೋಗಿ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99 ನಾಯಿಯಿಂದಲೇ ಬರುವುದು. ಹುಚ್ಚು ಹಿಡಿದ ಅನುಮಾನವಿರುವ ಪ್ರಾಣಿಯಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40 ಮಂದಿ ಹದಿನೈದು ದಾಟದ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವರಲ್ಲಿ ಎಷ್ಟು ಮಕ್ಕಳು ಬೈಗುಳಕ್ಕೆ ಹೆದರಿ ಹೇಳದೆ ಉಳಿಯುತ್ತಾರೋ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಮಗು ಹೇಳಿಕೊಂಡಾಗ ಮೊದಲು ಬೆತ್ತ ಹುಡುಕಬಾರದು. ನಮ್ಮಜ್ಜಿ ಲಾಟೀನು ಹುಡುಕಿದರು.

ಗೆಳೆಯ ಈಗ ಆಲೂರಿನ ಕಡೆ ಸ್ವಂತ ಮನೆ ಕಟ್ಟಿಕೊಂಡು ಮಗನ ಜೊತೆ ಇದ್ದಾನೆ. ಕರಿಯ ಸತ್ತು ಎಷ್ಟೋ ವರ್ಷದ ಮೇಲೆ ನಾನು ಮತ್ತೆ ನಾಯಿ ಸಾಕಿದಾಗ, ಕೇಳದೆಯೇ ಬಂದು ಅದನ್ನು ಹಿಡಿದುಕೊಂಡು ಹೋಗಿ ಲಸಿಕೆ ಹಾಕಿಸಿದ್ದು ಅವನೇ. ಆಮೇಲೆ ಅದೇ ರೂಢಿಯಾಯಿತು. ಊರಿಗೆ ಪಶುವೈದ್ಯರು ನಾಯಿಗಳಿಗೆ ಲಸಿಕೆ ಹಾಕಲು ಬಂದರೆ ಇವನು ಹಾಜರು. ಎಂಥ ತಂಟೆಯ ನಾಯಿಯೂ ಅವನ ಕೈಯಲ್ಲಿ ತಣ್ಣಗಿರುತ್ತದೆ.

ಆ ರಜೆ ಮುಗಿಯುವ ಮುನ್ನ ಒಂದು ದಿನ ಅವನು ಬಂದ. ಮೊಮ್ಮಗಳು ಕಲೆ ತೋರಿಸು ಎಂದು ದುಂಬಾಲು ಬಿದ್ದಳು. ಪಂಚೆ ಎತ್ತಿ ತೋರಿಸಿದ. ಅವಳು ಮುಟ್ಟಿ ಎಣಿಸಿ, ಸಿನಿಮಾದ ಕಥೆ ಹೇಳಿ, ನನಗೆ ಕೇಳಿದ್ದನ್ನೇ ಅವನಿಗೂ ಕೇಳಿದಳು: "ಕಚ್ಚಿದ್ದನ್ನ ಮುಚ್ಚಿಟ್ಟೋನು ಮೋಸಗಾರ ಅಲ್ವಾ ಅಜ್ಜ?"

ಅವನು ನನ್ನ ಕಡೆ ನೋಡಲಿಲ್ಲ. ಎಲೆಗೆ ಸುಣ್ಣ ಸವರುತ್ತ ಸ್ವಲ್ಪ ಹೊತ್ತು ಯೋಚಿಸಿದ.

"ಹೆದರಿದ್ದ ಅಂತ ಕಾಣುತ್ತೆ ಮಗ" ಎಂದ. "ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಆ ಮನೇಲಿ ಒಬ್ಬರೂ ಇರಲಿಲ್ವಾ?"